ಪಾಲಬಂಡೆಯ ಏರು

ಗಣಿ ಕೆಲಸದ ಗಂಡಿಗೆ ಹೆಣ್ಣು ಕೊಡುವ ಮುಂಚೆ ಬೂದಿಕೋಟೆ ಕಡೆಯವರು ಜಾತಕ ನೋಡುತ್ತಿದ್ದರೋ ಇಲ್ಲವೋ, ಎದೆಯನ್ನಂತೂ ನೋಡುತ್ತಿದ್ದರು. ಹಾಗೆಂದು ಮನೆಗೆ ಬಂದ ಗಂಡಿಗೆ ಅಂಗಿ ಬಿಚ್ಚು ಎನ್ನುವುದಕ್ಕಾಗುತ್ತದೆಯೇ? ಮರ್ಯಾದಸ್ಥರು. ಅದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಕಾರ್ತಿಕ ಮಾಸದಲ್ಲಿ ಗಂಡಿನವರನ್ನು ವನಭೋಜನಕ್ಕೆಂದು ಕರೆದು ಊರಾಚೆಯ ಪಾಲಬಂಡೆಗೆ ಹತ್ತಿಸುವುದು. ಮಳೆ ಮುಗಿಯುವ ಹೊತ್ತಿಗೆ ಆ ಬಂಡೆಯ ನೆತ್ತಿಯಿಂದ ನೀರು ಬೆಳ್ಳಗೆ ಧುಮುಕುತ್ತದೆ, ಪಕ್ಕದಲ್ಲೇ ಒಂದು ನೆಲ್ಲಿಮರ. ಪೂಜೆಗೂ ಊಟಕ್ಕೂ ಹೇಳಿ ಮಾಡಿಸಿದ ಜಾಗ. ಬೆಳಿಗ್ಗೆ ಹೊರಟರೆ ಊಟ ಮುಗಿಸಿ ಇಳಿಹೊತ್ತಿನ ಬಸ್ಸಿಗೆ ವಾಪಸು ಬರಬಹುದು. ಗಂಡು ಸಲೀಸಾಗಿ ಹತ್ತಿದರೆ ತಾಂಬೂಲ. ನಡುದಾರಿಯಲ್ಲಿ ಕೂತು ಕೆಮ್ಮಿದರೆ ಚಿತ್ರಾನ್ನ ಬಡಿಸಿ, ನಗುನಗುತ್ತಾ ಬಸ್ಸು ಹತ್ತಿಸಿ, ವಾರ ಬಿಟ್ಟು ಜಾತಕ ಕೂಡಲಿಲ್ಲವೆಂದು ಹೇಳಿಕಳಿಸುವುದು. ಸಂತೆಯಲ್ಲಿ ಎತ್ತನ್ನು ನಾಲ್ಕು ಹೆಜ್ಜೆ ನಡೆಸಿ ನೋಡುವವರು ಕೂಡ ಇಷ್ಟು ನಯ ನಾಜೂಕು ತೋರಿಸುವುದಿಲ್ಲ.

ಅಂಥ ಕರೆ ಚಿನ್ನದ ಗಣಿಯ ಕೂಲಿಕಾರರ ಮನೆಸಾಲಾದ ಊರಿಗಾಂ ಲೈನಿನ ಅಮ್ಮಾಜಮ್ಮನ ಮನೆಗೆ ಬಂದದ್ದು ಅರವತ್ತೊಂದನೇ ಇಸವಿಯ ದೀಪಾವಳಿ ಕಳೆದ ಮೇಲೆ. ಅವಳ ಒಬ್ಬನೇ ಮಗ ಕೋದಂಡ ಬೂದಿಕೋಟೆಗೆ ಹೋಗಿ ಹೆಣ್ಣು ನೋಡಿ ಬಂದಿದ್ದ. ಹುಡುಗಿ ಅನಸೂಯ. ಅವಳ ತಂದೆ ಅಶ್ವತ್ಥಪ್ಪ ಒಂದಿಷ್ಟು ರಾಗಿ ಹೊಲ, ಎರಡು ಹಸು ಇಟ್ಟುಕೊಂಡಿದ್ದ ಸಾಧು ಮನುಷ್ಯ. ಸಾಧುವಾಗಿದ್ದುದರಿಂದಲೇ ಏನೋ, ಆ ಮನೆಯಲ್ಲಿ ಮಾತು ನಡೆಯುತ್ತಿದ್ದದ್ದು ಅವನ ಅಕ್ಕ ಪೆದ್ದಮ್ಮನದು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ನೆಲೆಸಿದ ಆಕೆ ತಮ್ಮನ ಸಂಸಾರವನ್ನೂ ಹಸುಗಳನ್ನೂ ಒಂದೇ ಕೋಲಿನಲ್ಲಿ ನಡೆಸುತ್ತಿದ್ದಳು. ಕರೆಯುವುದಕ್ಕೂ ಆಕೆಯೇ ರೈಲು ಹತ್ತಿ ಬಂದಳು.

"ಕಾರ್ತಿಕ ಸೋಮವಾರ ಬಂದ್ಬುಡಿ ಅಮ್ಮಾಜಮ್ಮ. ಪಾಲಬಂಡೆ ತಾವ ನೆಲ್ಲಿಮರದ ಪೂಜೆ ಮಾಡಿ ಒಂದು ತುತ್ತು ಉಣ್ಣಾಣ. ನಿಮ್ಮ ಹುಡುಗನೂ ನಮ್ಮ ಬೆಟ್ಟ ನೋಡ್ದಂಗಾಯ್ತದೆ," ಎಂದಳು. ಹೇಳುತ್ತಾ ಹೇಳುತ್ತಾ ಆಕೆಯ ಕಣ್ಣು ಮನೆಯ ಮೂಲೆಮೂಲೆಯನ್ನೂ ಗುಡಿಸಿಕೊಂಡು ಬಂತು.

ಎದೆ ಧಸಕ್ಕೆಂದರೂ ಅಮ್ಮಾಜಮ್ಮ ಮುಖ ಅರಳಿಸಿ, "ಅದಕ್ಕೇನು, ಬತ್ತೀವಿ," ಎಂದಳು. ಪುಣ್ಯಕ್ಕೆ ಕೋದಂಡ ಮನೆಯಲ್ಲಿರಲಿಲ್ಲ. ಇದ್ದಿದ್ದರೆ ಕೆಮ್ಮುತ್ತಿದ್ದ.

ಕೋದಂಡನಿಗೆ ಎದೆಯಲ್ಲಿ ಧೂಳು ಕೂತಿತ್ತು. ಮೀಸೆ ಮೂಡಿದಾಗಿನಿಂದ ಗಣಿಯ ಆಳದಲ್ಲಿ ಬಂಡೆಗೆ ತೂತು ಕೊರೆಯುವ ಕೆಲಸ ಮಾಡಿದವನು. ಎರಡು ವರ್ಷದಿಂದ ಕೆಮ್ಮು; ಉಗುಳಿದರೆ ಬೂದಿ ಬಣ್ಣ. ಎದೆಯ ಫೋಟೋ ತೆಗೆದ ಡಾಕ್ಟರು ಇನ್ನು ಕೆಳಗಿಳಿಯಬೇಡ ಎಂದರು, ಮೇಲೆ ಉಗ್ರಾಣದ ಕೆಲಸಕ್ಕೆ ಹಾಕಿದರು. ನೆಂಟರಿಷ್ಟರಿಗೆಲ್ಲ ಅಮ್ಮಾಜಮ್ಮ ಅದನ್ನು ಪ್ರಮೋಷನ್ ಎಂದು ಹೇಳಿ ಸಕ್ಕರೆ ಹಂಚಿದ್ದಳು. ಹಿಂದೆ ಕಾಮಸಮುದ್ರದ ಕಡೆಯಿಂದ ಬಂದ ಸಂಬಂಧವೊಂದು ಕಾಫಿ ಕುಡಿಯುವಾಗ ಅವನಿಗೆ ಬಂದ ಕೆಮ್ಮಿನಲ್ಲೇ ಮುರಿದಿತ್ತು. ಅವತ್ತಿನಿಂದ ಹುಡುಗ ಗೋಡೆ ಕಡೆ ತಿರುಗಿ ಮಲಗುವುದನ್ನು ಕಲಿತಿದ್ದ. ಅನಸೂಯಳನ್ನು ನೋಡಿ ಬಂದ ದಿನ ಮಾತ್ರ ತಾನಾಗಿ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಿದ್ದ.

ಅಮ್ಮಾಜಮ್ಮನ ಗಂಡ ಮುನಿಸ್ವಾಮಪ್ಪನೂ ಇದೇ ಧೂಳಿಗೆ ಹೋದವನು. ಮದುವೆಗೆ ಮುಂಚೆಯೇ ಅವನಿಗೆ ಕೆಮ್ಮಿತ್ತು. ಬೀಡಿ ಕೆಮ್ಮು, ಮದುವೆಯಾದರೆ ಬೀಡಿ ಬಿಡುತ್ತಾನೆ, ಕೆಮ್ಮೂ ಬಿಡುತ್ತದೆ ಎಂದು ಅವಳ ಅತ್ತೆ ಹೇಳಿದ್ದಳು. ಅವನು ಬೀಡಿ ಸೇದುತ್ತಲೇ ಇರಲಿಲ್ಲ ಎಂದು ಅಮ್ಮಾಜಮ್ಮನಿಗೆ ತಿಳಿದದ್ದು ತಾಳಿ ಕಟ್ಟಿಸಿಕೊಂಡ ಮೇಲೆ. ಗೊತ್ತಿದ್ದೂ ಗೊತ್ತಿದ್ದೂ ನನ್ನ ಬಾಳು ಹಾಳು ಮಾಡಿದಳು ಎಂದು ಆ ಸತ್ತ ಅತ್ತೆಗೆ ಅವಳು ಹಾಕದ ಶಾಪವಿರಲಿಲ್ಲ. ಗಣಿ ಅಧಿಕಾರಿಗಳ ಬಂಗಲೆಗಳಲ್ಲಿ ಪಾತ್ರೆ ತಿಕ್ಕಿ ಮಗನನ್ನು ಸಾಕುವಾಗ ಒಂದೊಂದು ಪಾತ್ರೆಗೂ ಒಂದೊಂದು ಶಾಪ.

ಈಗ ಅದೇ ಕೆಲಸಕ್ಕೆ ತಾನು ಕೈ ಹಾಕಿದ್ದಳು. ಅದು ಅವಳಿಗೆ ತಿಳಿಯದ್ದೇನಲ್ಲ. ಆದರೆ ಮಗ ಎಂದರೆ ಹೆತ್ತವಳ ಬುದ್ಧಿಗೆ ಮಂಕು ಕವಿಯುತ್ತದೆ. ಹೆಂಡತಿ ಬಂದರೆ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ, ಉಂಡರೆ ಗಟ್ಟಿಯಾಗುತ್ತಾನೆ; ಏನೂ ಆಗದಿದ್ದರೂ ಅವನದೊಂದು ಕೂಸಾದರೂ ಉಳಿಯುತ್ತದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಅವಳ ಅತ್ತೆಯೂ ಹೀಗೇ ಹೇಳಿಕೊಂಡಿರಬೇಕು.

ಸೋಮವಾರಕ್ಕೆ ಇನ್ನೂ ಸಮಯವಿತ್ತು. ಅಮ್ಮಾಜಮ್ಮ ಒಂದು ದಿನ ಕೆಲಸಕ್ಕೆ ಚಕ್ಕರ್ ಹಾಕಿ, ಯಾರಿಗೂ ಹೇಳದೆ, ಊರಿಗಾಂನಲ್ಲಿ ರೈಲು ಹತ್ತಿ ಬಂಗಾರಪೇಟೆಯಲ್ಲಿಳಿದು ಬೂದಿಕೋಟೆ ಬಸ್ಸು ಹಿಡಿದಳು. ಊರು ಇನ್ನೂ ದೂರವಿರುವಾಗಲೇ ಇಳಿದು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಪಾಲಬಂಡೆಯ ದಾರಿ ಹಿಡಿದಳು. ಜನ ನೋಡಲೆಂದು ಹೋಗುವಂಥ ಜಾಗಕ್ಕೆ ಇಡೀ ಜೀವನದಲ್ಲಿ ಅವಳು ಹೋದದ್ದು ಅದೇ ಮೊದಲು, ಆದರೆ ಹೋದದ್ದು ನೋಡುವುದಕ್ಕಲ್ಲ. ತನ್ನ ಕಾಲಿನಿಂದ ಹತ್ತುತ್ತಾ ಮಗನ ಎದೆಯಿಂದ ಅಳೆದಳು. ಇಲ್ಲಿ ಅವನ ಉಸಿರು ತಡೆಯುತ್ತದೆ, ಇಲ್ಲಿ ತಡೆಯುವುದಿಲ್ಲ, ಇಲ್ಲಿ ಬಾಯಿ ತೆರೆಯುತ್ತಾನೆ. ಮೇಲೆ ನೀರು ಬಿಸಿಲಿಗೆ ಹೊಳೆಯುತ್ತಾ ಬೀಳುತ್ತಿತ್ತು. ಅವಳು ಅದರತ್ತ ನೆಟ್ಟಗೆ ನೋಡಲೂ ಇಲ್ಲ, ಮುಖ ತೊಳೆದುಕೊಂಡು ಇಳಿದು ಬಂದಳು.

ಮನೆಗೆ ಬಂದವಳೇ ರಂಗೋಲಿ ಬಟ್ಟಲು ತಂದು ಅಡುಗೆಮನೆಯ ನೆಲದ ಮೇಲೆ ಗೆರೆ ಎಳೆದಳು.

"ನೋಡ್ಲಾ. ಇದು ಬಸ್ ರಸ್ತೆ. ಇಲ್ಲಿಂದ ಅಳ್ಳಕ್ಕೆ ಇಳಿಜಾರು, ಸಲೀಸು. ಅಳ್ಳ ದಾಟಿದ್ರೆ ಬೆಟ್ಟ. ಇಲ್ಲಿ ನಾಗರಕಲ್ಲು ಐತೆ, ನಾನು ಅರಿಶಿನ ಕುಂಕುಮ ಇಕ್ಕಬೇಕು ಅಂತ ಕೂತ್ಕತೀನಿ. ಆಮೇಲೆ ಸೀತಾಫಲದ ಗಿಡಗಳು. ಅಲ್ಲಿ ನಂಗೆ ಮಂಡಿ ನೋವು ಬತ್ತದೆ. ಮೇಲೆ ಬಂಡೆ ತಾವ ಉಸ್ರು ಕಟ್ತದೆ."

"ಯಾರಿಗೆ?"

"ನಂಗೆ ಕಣ್ಲಾ. ನಾನು ಮುದುಕಿ, ಏದುಸ್ರು ಬಿಟ್ಟು ಕೂತ್ರೆ ಎಲ್ಲಾರೂ ನಿಂತ್ಕಳ್ಳೇಬೇಕು. ನೀನು ನನ್ನ ಕಾಲು ಒತ್ತೋ ಅಂಗೆ ತಲೆ ಬಗ್ಗಿಸ್ಕಂಡು ಕೂತ್ಕಂಡು ಉಸ್ರು ತಗೋ."

ಕೋದಂಡ ಗೆರೆಯನ್ನೇ ನೋಡುತ್ತಿದ್ದ. "ದಾರೀಲಿ ಮಾತಾಡಿಸ್ತಾರೆ. ಮಾತಾಡಿದ್ರೆ ಗೊತ್ತಾಗೋಯ್ತದೆ."

"ನಿಂಗೆ ಮೌನವ್ರತ. ಕಾರ್ತಿಕ ಸೋಮವಾರ, ಪೂಜೆ ಮುಗಿಯೋಗಂಟ ಬಾಯಿ ಬಿಡಲ್ಲ ಅಂತ ಏಳ್ತೀನಿ. ದೈವಭಕ್ತ ಅಂತ ಇನ್ನೂ ಮೆಚ್ಕಂತಾರೆ."

ಅವನು ನಕ್ಕ. ನಗು ಕೆಮ್ಮಾಯಿತು. ಅಮ್ಮಾಜಮ್ಮ ಅವನನ್ನು ಗೋಡೆಗೆ ಒರಗಿಸಿ, ಎಡಗಡೆ ಹೆಗಲ ಮೂಳೆಯ ಕೆಳಗೆ ಅಂಗೈಯಿಟ್ಟು, ಕೆಳಗಿನಿಂದ ಮೇಲಕ್ಕೆ ಸವರಿದಳು. ಅಲ್ಲೇ, ಹಾಗೇ ಸವರಿದರೆ ಮಾತ್ರ ಅದು ನಿಲ್ಲುತ್ತಿತ್ತು. ಎಷ್ಟೋ ಬೆಳಗಿನ ಜಾವಗಳಲ್ಲಿ ತಡಕಾಡಿ ಕಂಡುಕೊಂಡ ಜಾಗ.

ಕೆಮ್ಮು ನಿಂತ ಮೇಲೆ ಅವಳು ಗೆರೆಯ ಕಡೆಯ ತುದಿ ತೋರಿಸಿದಳು. "ಬರೋವಾಗ ಇದೇ ಕಷ್ಟ. ಅಳ್ಳದಿಂದ ರಸ್ತೆಗೆ ಅತ್ತೋ ಏರು. ಚಿಕ್ಕದೇ, ಆದ್ರೆ ನೆಟ್ಟಗೈತೆ, ಹೊಟ್ಟೆ ಬೇರೆ ತುಂಬಿರ್ತದೆ. ಅಲ್ಲಿ ನಾನು ಕೂತೇ ಕೂರ್ತೀನಿ, ನೀನು ಎದ್ರುಕೋಬೇಡ."

ಸೋಮವಾರ ಎಲ್ಲವೂ ರಂಗೋಲಿ ಗೆರೆಯಂತೆಯೇ ನಡೆಯಿತು. ಕೋದಂಡ ಮಡಿ ಪಂಚೆ ಉಟ್ಟು, ಹಣೆಗೆ ವಿಭೂತಿ ಬಳಿದುಕೊಂಡು, ಕೆಮ್ಮು ಬಾರದಿರಲೆಂದು ದವಡೆಯಲ್ಲೊಂದು ಅತಿಮಧುರದ ಬೇರು ಒತ್ತಿಕೊಂಡು ಬಸ್ಸಿನಿಂದಿಳಿದ. ವ್ರತ ಎಂದ ಕೂಡಲೇ ಅಶ್ವತ್ಥಪ್ಪ ಕೈ ಮುಗಿದ. ವ್ರತದವನ ಕೈಗೆ ಯಾರು ಹೊರೆ ಕೊಡುತ್ತಾರೆ? ಊಟದ ಬುಟ್ಟಿಗಳನ್ನು ಅಪ್ಪ ಮಗಳೇ ಹೊತ್ತರು. ಪೆದ್ದಮ್ಮ ಮಾತ್ರ ಕಣ್ಣು ಕಿರಿದು ಮಾಡಿ, "ಒಳ್ಳೇ ವ್ರತ," ಎಂದು ಕೋಲೂರಿಕೊಂಡು ಮುಂದೆ ನಡೆದಳು. ವಯಸ್ಸಿನಲ್ಲಿ ಅಮ್ಮಾಜಮ್ಮನಿಗಿಂತ ಹಿರಿಯಳು, ಆದರೂ ಮೇಕೆಯಂತೆ ಹತ್ತುತ್ತಿದ್ದಳು.

ನಾಗರಕಲ್ಲಿನ ಹತ್ತಿರ ಅಮ್ಮಾಜಮ್ಮ ಕುಂಕುಮ ಇಟ್ಟದ್ದೇ ಇಟ್ಟದ್ದು. ಸೀತಾಫಲದ ಗಿಡದ ಬಳಿ ಮಂಡಿ ಹಿಡಿದುಕೊಂಡು ಕುಸಿದಳು. ಮೊದಮೊದಲು ನಾಚಿಕೆಯೆನಿಸಿದರೂ ಆಮೇಲೆ ಏದುಸಿರು ತಾನಾಗಿಯೇ ಬಂತು. ಮುನಿಸ್ವಾಮಪ್ಪನದು, ಕೋದಂಡನದು ಕೇಳಿ ಕೇಳಿ ಅವಳಿಗೆ ಅದು ಬಾಯಿಪಾಠವಾಗಿತ್ತು. ಗಂಟಲಲ್ಲಿ ಗೊರಗೊರ, ನಡುವೆ ಸಣ್ಣ ಶಿಳ್ಳೆ, ಆಮೇಲೆ ಮೂರು ಕೆಮ್ಮು. ಕೋದಂಡ ತಲೆ ಬಗ್ಗಿಸಿ ಅವಳ ಕಾಲು ಒತ್ತುತ್ತಾ ತನ್ನ ಉಸಿರನ್ನು ಅವಳ ಉಸಿರಿನ ಸದ್ದಿನಲ್ಲಿ ಬಚ್ಚಿಟ್ಟುಕೊಂಡ.

"ಎಂಥ ಮಗ! ಭಾಗ್ಯವಂತೆ ಕಣಮ್ಮ ನೀವು," ಎಂದ ಅಶ್ವತ್ಥಪ್ಪ.

ಬಂಡೆಯ ಬುಡದಲ್ಲಿ ಮೂರನೆಯ ಸಲ ಕೂತಾಗ ಅನಸೂಯ ಬುಟ್ಟಿ ಇಳಿಸಿ ಹತ್ತಿರ ಬಂದಳು. ಕಾಲು ಒತ್ತುವ ನೆಪದಲ್ಲಿ ಉಸಿರು ತಂದುಕೊಂಡ ಕೋದಂಡ ಎದ್ದು ಅಶ್ವತ್ಥಪ್ಪ, ಪೆದ್ದಮ್ಮನ ಜೊತೆ ನಾಲ್ಕು ಹೆಜ್ಜೆ ಮುಂದೆ ಹೋಗಿದ್ದ. ಹುಡುಗಿ ಸೆರಗಿನ ತುದಿಯನ್ನು ಚೊಂಬಿನ ನೀರಿನಲ್ಲಿ ಅದ್ದಿ ಅಮ್ಮಾಜಮ್ಮನ ಕುತ್ತಿಗೆ ಒರೆಸಿದಳು.

"ನಿಮ್ಮನ್ನ ಸುಮ್ನೆ ಅತ್ತಿಸಿಬಿಟ್ರು ಅತ್ತೆ. ಇದೆಲ್ಲ ನಮ್ಮತ್ತೇದು. ನಂಗೆ ನಾಚ್ಕೆ ಆಯ್ತದೆ," ಎಂದು ಪಿಸುಗುಟ್ಟಿದಳು. ತುಸು ತಡೆದು, "ಕೆಮ್ಮು ಐತೆ ಅಂದ್ರೆ ಐತೆ ಅಂತ ಏಳಿದ್ರೆ ಆಯ್ತಪ್ಪ. ಮನುಷ್ಯರನ್ನ ಇಂಗೆಲ್ಲ ನೋಡ್ತಾರಾ?" ಎಂದಳು.

ಅಮ್ಮಾಜಮ್ಮನಿಗೆ ಆ ಕ್ಷಣ ನಿಜವಾಗಿಯೂ ಉಸಿರು ಕಟ್ಟಿತು. ಹೇಳಿಬಿಡಲೇ ಎಂದುಕೊಂಡಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮೇಲಿನಿಂದ ಕೋದಂಡ ತಿರುಗಿ ನೋಡಿದ. ಹುಡುಗಿಯತ್ತ ನೋಡಿದ ಆ ನೋಟದಲ್ಲಿ ಅಷ್ಟೊಂದು ಆಸೆಯಿತ್ತು. ಅಮ್ಮಾಜಮ್ಮ ಮಾತನ್ನು ನುಂಗಿಕೊಂಡು ಹುಡುಗಿಯ ಕೈ ಹಿಡಿದು ಎದ್ದಳು.

ಮೇಲೆ ನೀರು ಭೋರೆಂದು ಬೀಳುತ್ತಿತ್ತು. ನೆಲ್ಲಿಕಾಯಿ ಕೊರೆದು ತುಪ್ಪದ ದೀಪ ಹಚ್ಚಿದರು, ಮರದ ಸುತ್ತ ದಾರ ಸುತ್ತಿದರು. ಕೋದಂಡ ತುಂತುರಿನಲ್ಲಿ ನಿಂತು ಕಣ್ಣು ಮುಚ್ಚಿ ಕೈ ಮುಗಿದ. ಎದೆ ಹದವಾಗಿ ಏರಿಳಿಯುತ್ತಿತ್ತು. ಬೆಟ್ಟ ಹತ್ತಿ ಬಂದವನಂತೆಯೇ ಇರಲಿಲ್ಲ. ಊಟವಾಯಿತು. ಎಲೆ ತೆಗೆದ ಮೇಲೆ ಪೆದ್ದಮ್ಮ ಅಡಿಕೆ ಕತ್ತರಿಸುತ್ತಾ ಗಂಟಲು ಸರಿಮಾಡಿಕೊಂಡಳು.

"ಉಡುಗ ನಮಗೆ ಒಪ್ಪಿಗೆ. ಮುಚ್ಚುಮರೆ ಯಾಕೆ, ಗಣಿಯೋನು ಅಂತ ನಂಗೆ ಅನುಮಾನ ಇತ್ತು. ಇವತ್ತು ಓಯ್ತು. ಕಲ್ಲುಗುಂಡಿನಂಗವ್ನೆ."

ಅಮ್ಮಾಜಮ್ಮನ ಕಣ್ಣು ತುಂಬಿ ಬಂತು.

"ಆದ್ರೆ ಒಂದು ಮಾತು. ಬೇಜಾರು ಮಾಡ್ಕಬೇಡಿ ಅಮ್ಮಾಜಮ್ಮ. ನಿಮ್ಮ ಎದೆ ಸರಿ ಇಲ್ಲ. ದಾರಿ ಉದ್ದಕ್ಕೂ ಕೇಳಿಸ್ಕಂಡೆ. ಇದು ಅಂಟೋ ಸೀಕು. ಅಲ್ಲಿರೋದು ಒಂದೇ ಕೋಣೆ ಮನೆ. ನಾಳೆ ನಮ್ಮುಡುಗಿ ಬಸುರಿ ಬಾಣಂತಿ ಆಗ್ಬೇಕಾದೋಳು. ನೀವು ಬ್ಯಾರೆ ಇರೋದಾದ್ರೆ ತಾಂಬೂಲ ಈಗ್ಲೇ ತಗಳ್ಳಿ. ಇಲ್ದಿದ್ರೆ ಬ್ಯಾಡ."

"ಅಕ್ಕಯ್ಯ!" ಎಂದ ಅಶ್ವತ್ಥಪ್ಪ. ಅದಕ್ಕಿಂತ ಹೆಚ್ಚಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ. ಅನಸೂಯ ತಲೆ ತಗ್ಗಿಸಿದಳು.

ಅಮ್ಮಾಜಮ್ಮನಿಗೆ ಮೊದಲು ನಗು ಬಂದಂತಾಯಿತು. ಎಲ್ಲ ಯೋಚಿಸಿದ್ದಳು, ಇದೊಂದನ್ನು ಯೋಚಿಸಿರಲಿಲ್ಲ. ಆದರೂ ಅವಳು ಹಿಂದೆಗೆಯುವವಳಲ್ಲ. ಆಗಲಿ, ನಾನು ಬೇರೆ ಇರುತ್ತೇನೆ, ನನ್ನ ಮಗ ಚೆನ್ನಾಗಿದ್ದರೆ ಸಾಕು ಎಂದು ಹೇಳಲು ಬಾಯಿ ತೆರೆದಳು. ಹೇಳಿಯೇ ಬಿಡುತ್ತಿದ್ದಳು, ಮನಸಾರೆ ಹೇಳುತ್ತಿದ್ದಳು. ಅಷ್ಟರಲ್ಲಿ ಪಕ್ಕದಲ್ಲಿ ದನಿ ಕೇಳಿಸಿತು. ಪೂಜೆ ಮುಗಿದಿತ್ತು. ಕೋದಂಡನ ವ್ರತವೂ ಮುಗಿದಿತ್ತು.

"ಆಗ್ಲಿ," ಎಂದ ಅವನು. ಬೆಳಗಿನಿಂದ ಅವನು ಆಡಿದ ಮೊದಲ ಮಾತು ಅದು. "ನೀವು ಏಳೋದು ಸರಿ. ಎರಡು ವರ್ಸದಿಂದ ಅಮ್ಮಂಗೆ ಇದೇ ಕೆಮ್ಮು. ಬೆಳಗಿನ ಜಾವ ಎದ್ದು ಕೂತ್ಕಂಬುಡ್ತಾರೆ. ಗೋಡೆಗೆ ಒರಗಿಸಿ ಬೆನ್ನು ಸವರಬೇಕು. ಉಗುಳಿದ್ರೆ ಬೂದಿ ಬಣ್ಣ. ನಾನೇ ನೋಡ್ಕಂತಿದೀನಿ. ಬಂಗಾರಪೇಟೇಲಿ ನಮ್ಮ ಚಿಕ್ಕಮ್ಮನ ಇತ್ಲಲ್ಲಿ ಒಂದು ಶೆಡ್ಡು ಖಾಲಿ ಐತೆ. ಅಲ್ಲಿ ಬಿಡ್ತೀನಿ."

ನೀರು ಬೀಳುತ್ತಲೇ ಇತ್ತು. ಅಮ್ಮಾಜಮ್ಮ ಮಗನ ಮುಖ ನೋಡಿದಳು. ಅವನು ನೋಡಲಿಲ್ಲ. ಆ ಶೆಡ್ಡನ್ನು ಇವನು ಯಾವಾಗ ನೋಡಿದ? ಯಾವಾಗ ಯೋಚಿಸಿದ? ತಾನು ನಿದ್ದೆಗೆಟ್ಟು ಸವರಿದ ಬೆನ್ನು ಅವನದು, ಬೂದಿ ಹಾಕಿ ಮುಚ್ಚಿದ ಉಗುಳು ಅವನದು. ಒಂದು ಅಕ್ಷರವೂ ಬಿಡದೆ ಎಲ್ಲವನ್ನೂ ಅವಳ ತಲೆಗೆ ಕಟ್ಟಿದ್ದ, ಸವರಿದ ಕೈಯನ್ನು ಮಾತ್ರ ತಾನಿಟ್ಟುಕೊಂಡಿದ್ದ. ಅವಳು ತಾನಾಗಿಯೇ ಕೊಡಲು ಕೈ ಚಾಚಿದ್ದಳು, ಅವನು ಕಿತ್ತುಕೊಂಡ.

"ಏನಂತೀರ ಅಮ್ಮಾಜಮ್ಮ?" ಪೆದ್ದಮ್ಮ ಕೇಳಿದಳು.

"ಅವನೇ ಏಳಿದ್ನಲ್ಲ," ಎಂದಳು.

ಬಸ್ಸಿಗೆ ಹೊತ್ತಾಗುತ್ತದೆ, ರಸ್ತೆಗೆ ಹೋಗಿ ತಾಂಬೂಲ ಬದಲಾಯಿಸೋಣ ಎಂದು ಎಲ್ಲರೂ ಎದ್ದರು. ಇಳಿಯುವಾಗ ಯಾರಿಗೂ ಕಷ್ಟವಾಗಲಿಲ್ಲ. ಕೋದಂಡನ ಬಾಯಿಗೆ ಬೀಗ ತೆಗೆದಂತಾಗಿತ್ತು. ಅಶ್ವತ್ಥಪ್ಪನ ಪಕ್ಕದಲ್ಲಿ ಮಾತಾಡುತ್ತಾ, ಪ್ರಮೋಷನ್ ಸಮಾಚಾರ ಹೇಳುತ್ತಾ, ಕಲ್ಲಿನಿಂದ ಕಲ್ಲಿಗೆ ಹಾರಿಕೊಂಡು ಹಳ್ಳಕ್ಕಿಳಿದ. ಅನಸೂಯ ಮಾತ್ರ ಹಿಂದೆ ಉಳಿದು ಅಮ್ಮಾಜಮ್ಮನ ಮೊಣಕೈ ಹಿಡಿದುಕೊಂಡೇ ಬಂದಳು.

"ನಾನು ಬಂದ್ ಮೇಲೆ ನಿಮ್ಮನ್ನ ಕರ್ಕಂಬತ್ತೀನಿ ಅತ್ತೆ," ಎಂದಳು ಮೆಲ್ಲಗೆ. "ನಾನು ನೋಡ್ಕಂತೀನಿ. ಬೆನ್ನು ಎಂಗೆ ಸವರೋದು ಅಂತ ತೋರಿಸ್ಕೊಟ್ರೆ ಸಾಕು."

ಅಮ್ಮಾಜಮ್ಮ ತನ್ನ ಮೊಣಕೈ ಹಿಡಿದಿದ್ದ ಆ ಕೈಯನ್ನು ನೋಡಿದಳು. ಈ ಹುಡುಗಿ ಮಗನ ಬೆನ್ನನ್ನು ಸವರುತ್ತಾಳೆ, ಖಂಡಿತ ಸವರುತ್ತಾಳೆ. ಐದು ವರ್ಷವೋ ಆರೋ. ಆಮೇಲೆ ಬಂಗಲೆಗಳಲ್ಲಿ ಪಾತ್ರೆ ತಿಕ್ಕುತ್ತಾ ಒಂದೊಂದು ಪಾತ್ರೆಗೂ ಒಂದೊಂದು ಶಾಪ ಹಾಕುತ್ತಾಳೆ.

ಹಳ್ಳ ದಾಟಿದರು. ಏರು ಶುರುವಾಯಿತು, ಚಿಕ್ಕದು, ನೆಟ್ಟಗಿನದು. ಅರ್ಧ ಹತ್ತುವಷ್ಟರಲ್ಲಿ ಕೋದಂಡನ ಮಾತು ನಿಂತಿತು. ಅವನ ಭುಜಗಳು ಏಳುತ್ತಿದ್ದುದನ್ನು ಅಮ್ಮಾಜಮ್ಮ ಹಿಂದಿನಿಂದ ನೋಡಿದಳು. ಅವನು ನಿಂತು ತಿರುಗಿದ. ತುಟಿ ಬಿಗಿದಿತ್ತು, ಕಣ್ಣು ಅವಳನ್ನು ಬೇಡುತ್ತಿತ್ತು. ಕೂರು ಎನ್ನುತ್ತಿತ್ತು.

"ಅಮ್ಮ," ಎಂದ.

ಅಮ್ಮಾಜಮ್ಮ ಅನಸೂಯಳ ಸೊಂಟದ ಮೇಲಿದ್ದ ಬುಟ್ಟಿಯನ್ನು ಎತ್ತಿ ತನ್ನ ತಲೆಯ ಮೇಲಿಟ್ಟುಕೊಂಡಳು. ಸೀರೆಯ ನೆರಿಗೆ ಎತ್ತಿ ಕಟ್ಟಿದಳು. ಮಗನ ಪಕ್ಕದಲ್ಲೇ ಹಾದು, ಅಶ್ವತ್ಥಪ್ಪನನ್ನು ದಾಟಿ, ಕೋಲೂರಿಕೊಂಡು ಹೋಗುತ್ತಿದ್ದ ಪೆದ್ದಮ್ಮನನ್ನೂ ದಾಟಿ, ಒಂದೇ ಬಿರುಸಿನಲ್ಲಿ ಹತ್ತಿದಳು. ಆ ಹುಡುಗಿಗೋಸ್ಕರ, ಆ ಹುಡುಗಿಗೋಸ್ಕರ ಎಂದು ಹೆಜ್ಜೆಹೆಜ್ಜೆಗೂ ಹೇಳಿಕೊಂಡಳು. ಬರೀ ಹುಡುಗಿಗೋಸ್ಕರ ಅಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ರಸ್ತೆಗೆ ಬಂದು ತಿರುಗಿ ನಿಂತಾಗ ಅವಳ ಉಸಿರು ಎಳ್ಳಷ್ಟೂ ಕದಡಿರಲಿಲ್ಲ. ಕೆಳಗೆ ಕೆಮ್ಮು ಶುರುವಾಗಿತ್ತು. ಮೊದಲು ಗೊರಗೊರ, ನಡುವೆ ಸಣ್ಣ ಶಿಳ್ಳೆ. ಪೆದ್ದಮ್ಮ ಅರ್ಧ ದಾರಿಯಲ್ಲಿ ನಿಂತು ಆ ಸದ್ದನ್ನು ಕಿವಿಗೊಟ್ಟು ಕೇಳಿದಳು. ಬೆಳಿಗ್ಗೆಯಿಂದ ಕೇಳಿದ್ದ ಸದ್ದೇ. ಕೋದಂಡ ಎರಡು ಕೈಯನ್ನೂ ಮಂಡಿಯ ಮೇಲೂರಿ ಬಗ್ಗಿದ್ದ. ಊಟದ ಮೇಲೆ ಮತ್ತೆ ದವಡೆಗಿಟ್ಟುಕೊಂಡಿದ್ದ ಅತಿಮಧುರದ ಬೇರು ಮಣ್ಣಿಗೆ ಬಿತ್ತು. ಅನಸೂಯ ಚೊಂಬು ಹಿಡಿದು ಅವನತ್ತ ಹೆಜ್ಜೆಯಿಟ್ಟಳು. ಪೆದ್ದಮ್ಮ ನಾಲ್ಕು ಹೆಜ್ಜೆ ಇಳಿದು ಬಂದು ಕೋಲು ಅಡ್ಡ ಹಿಡಿದಳು.

"ನೀವು ಚೆನ್ನಾಗೇ ಇದೀರಲ್ಲ ಅಮ್ಮಾಜಮ್ಮ," ಎಂದು ಕೆಳಗಿನಿಂದ ಕೂಗಿದಳು.

"ಊಂ. ನಾನು ಚೆನ್ನಾಗೇ ಇದೀನಿ," ಎಂದಳು ಅಮ್ಮಾಜಮ್ಮ.

ಅಶ್ವತ್ಥಪ್ಪ ಮಗಳ ಕೈ ಹಿಡಿದು, ನೆಲ ನೋಡುತ್ತಾ ಹತ್ತಿ ಬಂದ. ತಾಂಬೂಲದ ಮಾತು ಎತ್ತಲಿಲ್ಲ. ಅನಸೂಯ ಹಾದು ಹೋಗುವಾಗ ಅಮ್ಮಾಜಮ್ಮನ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಉಪಕಾರ ನೆನೆಯುವ ಸುಳಿವೂ ಇರಲಿಲ್ಲ. ಬೆಳಿಗ್ಗೆ ತಾನು ಒರೆಸಿದ ಕುತ್ತಿಗೆಯನ್ನು ನೋಡಿ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

ಕೆಳಗೆ ಕೆಮ್ಮು ನಿಲ್ಲುವ ಹಾಗೆ ಕಾಣಲಿಲ್ಲ. ಅಮ್ಮಾಜಮ್ಮ ಬುಟ್ಟಿಯನ್ನು ರಸ್ತೆ ಬದಿಯಲ್ಲಿಟ್ಟು ಇಳಿದು ಹೋದಳು. ಮಗನ ಎಡಗಡೆ ಹೆಗಲ ಮೂಳೆಯ ಕೆಳಗೆ ಅಂಗೈಯಿಟ್ಟಳು. ಅವನು ಕೊಡವಿಕೊಂಡ. ಅವಳು ಮತ್ತೆ ಇಟ್ಟಳು, ಅವನು ಮತ್ತೆ ಕೊಡವಿದ. ಮೂರನೆಯ ಸಲಕ್ಕೆ ಕೊಡವಲು ಅವನಲ್ಲಿ ಶಕ್ತಿ ಉಳಿದಿರಲಿಲ್ಲ. ಅವಳು ಕೆಳಗಿನಿಂದ ಮೇಲಕ್ಕೆ ಸವರುತ್ತಾ ಬಸ್ಸು ಬರುವವರೆಗೂ ಅಲ್ಲೇ ನಿಂತಳು.